ರಾಮೆನ್ನೂ ಬಸ್ಸಾರೂ

ಸಾಹಿತ್ಯವಿಮರ್ಶಕರೆಂದು ಕರೆಸಿಕೊಳ್ಳುವ ನಾವು ಅಡಿಗೆಮನೆಗೆ ಬಹು ದೊಡ್ಡ ಸಾಲಗಾರರು. ರಸವೆಂಬ ಮಾತನ್ನು ನಾಲಿಗೆಯಿಂದ ತಂದೆವು. ಪಾಕವೆಂಬ ಮಾತನ್ನು ಒಲೆಯ ಮೇಲಿಂದ ಇಳಿಸಿಕೊಂಡೆವು. ಹದ, ರುಚಿ, ಸವಿ, ಸಪ್ಪೆ, ಹಳಸಲು ಇವೆಲ್ಲವೂ ಎರವಲಿನ ಒಡವೆಗಳೇ. ರಸವೆಂದರೇನೆಂದು ತಿಳಿಸಹೊರಟ ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಮೊದಲು ಕೈಚಾಚಿದ್ದು ಊಟದೆಲೆಯ ಕಡೆಗೆ. ಬಗೆಬಗೆಯ ವ್ಯಂಜನಗಳು ಬೆರೆತ ಅನ್ನವನ್ನು ಒಳ್ಳೆಯ ಮನಸ್ಸಿನ ಜನ ಹೇಗೆ ಸವಿದು ಸಂತೋಷಪಡುವರೋ ಹಾಗೆ ಪ್ರೇಕ್ಷಕರು ಭಾವಗಳನ್ನು ಸವಿಯುತ್ತಾರೆಂಬುದು ಆತನ ವಿವರಣೆ. ಮುಂದೆ ಬಂದ ಆಲಂಕಾರಿಕರು ಕಾವ್ಯಕ್ಕೆ ದ್ರಾಕ್ಷಾಪಾಕ, ನಾರಿಕೇಳಪಾಕಗಳೆಂದು ಹೆಸರಿಟ್ಟರು. ಇಷ್ಟೆಲ್ಲ ತಂದುಕೊಂಡ ಮೇಲೆ ಒಂದು ದಿನವಾದರೂ ಆ ಮನೆಗೆ ಬಡ್ಡಿ ಕಟ್ಟಿದ್ದೇವೆಯೆ? ಒಂದು ಕವನಸಂಕಲನದ ಮೇಲೆ ನಾಲ್ಕು ಕಾಲಂ ಬರೆಯಬಲ್ಲವನನ್ನು “ಇಂದು ಸಾರು ಹೇಗಿತ್ತು?” ಎಂದು ಕೇಳಿ ನೋಡಿ, “ಚೆನ್ನಾಗಿತ್ತು” ಎಂಬಲ್ಲಿಗೆ ಅವನ ವಿಮರ್ಶೆ ಮುಗಿಯುತ್ತದೆ. ಹೀಗೆ ಬರೆಯುತ್ತಿರುವ ನಾನೂ ಅಂಥವರಲ್ಲಿ ಒಬ್ಬನು.

ಈ ಸಾಲದ ನೆನಪನ್ನು ನನಗೆ ಮಾಡಿಕೊಟ್ಟವನು ಜೋಗುಪಾಳ್ಯದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಹದಿನೈದು ವರ್ಷಗಳ ಹಿಂದೆ ನನ್ನ ಕನ್ನಡ ತರಗತಿಯ ಕಡೆಯ ಬೆಂಚಿನಲ್ಲಿ ಕುಳಿತಿದ್ದವನು ಈಗ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಕಚೇರಿಯ ಕೆಲಸದ ಮೇಲೆ ಟೋಕಿಯೋಗೆ ಒಮ್ಮೆ ಹೋಗಿಬಂದವನಿಗೆ ಅಲ್ಲಿನ ರಾಮೆನ್ ಎಂಬ ತಿನಿಸಿನ ಹುಚ್ಚು ಹಿಡಿಯಿತು. ಹಿಂದಿರುಗಿದ ಮೇಲೆ ಬೆಂಗಳೂರಿನ ಹೋಟೆಲುಗಳಲ್ಲಿ ರಾಮೆನ್ ಎಲ್ಲೆಲ್ಲಿ ಸಿಗುವುದೋ ಅಲ್ಲೆಲ್ಲ ಹೋಗಿ ಉಂಡು, ಉಂಡದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ನಲವತ್ತೊಂದು ಬಟ್ಟಲು, ನಲವತ್ತೊಂದು ಪುಟ. “ಸರ್, ನೀವು ಪುಸ್ತಕ ವಿಮರ್ಶೆ ಮಾಡ್ತೀರಲ್ಲ, ಇದನ್ನೂ ಒಂದ್ಸಲ ನೋಡಿ” ಎಂದು ತಂದುಕೊಟ್ಟ. ಮೊದಲಿಗೆ ನಕ್ಕೆ. ಓದತೊಡಗಿದ ಮೇಲೆ ನಗು ನಿಂತಿತು. ಅಚ್ಚಾಗದ ಪುಸ್ತಕವನ್ನು ವಿಮರ್ಶಿಸುವ ಸಂಪ್ರದಾಯ ಈ ಪುಟಗಳಿಗೆ ಇಲ್ಲವೆಂದು ಬಲ್ಲೆ. ಆದರೂ ಈ ಬಾರಿ ವಾಚಕರು ಕ್ಷಮಿಸಬೇಕು.

ಜೋಗುಪಾಳ್ಯವನ್ನು ಅರಿಯದವರಿಗಾಗಿ ಎರಡು ಮಾತು. ಹಲಸೂರಿಗೂ ಇಂದಿರಾನಗರಕ್ಕೂ ನಡುವೆ, ಹಳೆಯ ಮದರಾಸು ರಸ್ತೆಯ ಮಗ್ಗುಲಲ್ಲಿ ಒತ್ತಿಕೊಂಡಿರುವ ಹಳೆಯ ಬಡಾವಣೆ ಅದು. ಒಂದೇ ಗಲ್ಲಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ಒಂದು ಕಡೆಗೆ ನಡೆದರೆ ಸೋಮೇಶ್ವರನ ಗುಡಿ. ಇನ್ನೊಂದು ಕಡೆಗೆ ನಡೆದರೆ ನೂರಡಿ ರಸ್ತೆಯ ದೀಪಾಲಂಕಾರ, ಅಲ್ಲಿ ಜಗತ್ತಿನ ಸಮಸ್ತ ದೇಶಗಳ ಊಟವೂ ಮಾರಾಟಕ್ಕಿದೆ. ೧೮೦೯ರಲ್ಲಿ ನೆಲೆಗೊಂಡ ದಂಡುಪ್ರದೇಶ ೧೯೪೯ರಲ್ಲಿ ಪೇಟೆಯೊಡನೆ ಒಂದೇ ಕಾರ್ಪೊರೇಷನ್ನಿನ ಅಡಿಗೆ ಬಂತು. ೨೦೧೧ರಲ್ಲಿ ಮೆಟ್ರೋ ರೈಲು ಮೊದಲು ಓಡಿದ್ದೂ ಈ ಭಾಗದಲ್ಲಿಯೇ. ಹೊರಗಿನಿಂದ ಬಂದದ್ದನ್ನು ಕಂಡು ಬೆಚ್ಚುವ ಅಭ್ಯಾಸ ಇಲ್ಲಿನ ಜನಕ್ಕಿಲ್ಲ. ರಾಮೆನ್ನಿನ ಉಪಾಸಕನೊಬ್ಬ ಹುಟ್ಟುವುದಕ್ಕೆ ಇದಕ್ಕಿಂತ ತಕ್ಕ ಜಾಗ ಬೇರೆಲ್ಲಿ ದೊರೆತೀತು?

ಇನ್ನು ರಾಮೆನ್ ಎಂದರೇನು? ಸುಲಭವಾಗಿ ಹೇಳುವುದಾದರೆ ಸಾರಿನಲ್ಲಿ ಮುಳುಗಿದ ಗೋಧಿಯ ಶಾವಿಗೆ. ಆದರೆ ಹಾಗೆಂದು ಹೇಳಿ ಬಿಡುವುದು ಯಕ್ಷಗಾನವನ್ನು ಬಣ್ಣ ಬಳಿದುಕೊಂಡವರ ಕುಣಿತವೆಂದಂತೆ ಆದೀತು. ಬಟ್ಟಲಿನ ತಳದಲ್ಲಿ ಮೊದಲು ಉಪ್ಪು, ಸೋಯಾ ರಸ ಅಥವಾ ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟು ಸೇರಿದ ಒಂದು ಗಟ್ಟಿ ಪಾಕ ಬೀಳುತ್ತದೆ. ಅದಕ್ಕೆ ‘ತಾರೆ’ ಎಂದು ಹೆಸರು. ಅದರ ಮೇಲೆ ಗಂಟೆಗಟ್ಟಲೆ ಕುದಿದ ಸಾರು, ಸಾರಿನೊಳಗೆ ಆಗತಾನೆ ಬೆಂದ ಎಳೆಗಳು, ಮೇಲೆ ಪರಿಮಳದ ಎಣ್ಣೆ, ಕಡೆಗೆ ಮಾಂಸದ ತುಣುಕು, ಮೊಟ್ಟೆ, ಈರುಳ್ಳಿ ಸೊಪ್ಪು. ಎಳೆಗೆ ಹಳದಿ ಬಣ್ಣವನ್ನೂ ಹಲ್ಲಿಗೆ ಸಿಕ್ಕಿ ಪುಟಿಯುವ ಬಿಗಿಯನ್ನೂ ಕೊಡುವುದು ‘ಕಾನ್ಸುಯಿ’ ಎಂಬ ಕ್ಷಾರದ ನೀರು. ನಮ್ಮ ಹೆಂಗಸರು ಹಪ್ಪಳದ ಹಿಟ್ಟಿಗೆ ಹಾಕುವ ಹಪ್ಪಳಖಾರಕ್ಕೂ ಅದಕ್ಕೂ ದೂರದ ದಾಯಾದಿತನ ಉಂಟು.

ಇದರ ವಂಶಾವಳಿಯೂ ಸ್ವಾರಸ್ಯವಾದದ್ದೇ. ಜಪಾನಿನದೆಂದು ಜಗತ್ತೆಲ್ಲ ಹಾಡಿ ಹೊಗಳುವ ಈ ತಿನಿಸು ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಯೊಕೊಹಾಮಾ ಮೊದಲಾದ ಬಂದರುಗಳಿಗೆ ಬಂದ ಚೀನೀಯರ ಅಡಿಗೆ. ೧೯೧೦ರಲ್ಲಿ ಟೋಕಿಯೋದ ಆಸಾಕುಸಾದಲ್ಲಿ ಓಜಾಕಿ ಕಾನ್‌ಇಚಿ ಎಂಬಾತ ಯೊಕೊಹಾಮಾದಿಂದ ಚೀನೀ ಬಾಣಸಿಗರನ್ನು ಕರೆತಂದು ‘ರಾಯ್‌ರಾಯ್‌ಕೆನ್’ ಎಂಬ ಹೋಟೆಲು ತೆರೆದ. ಆಗ ಅದನ್ನು ಕರೆಯುತ್ತಿದ್ದುದೇ ‘ಶಿನಾ ಸೋಬಾ’, ಎಂದರೆ ಚೀನೀ ಶಾವಿಗೆ. ಮಹಾಯುದ್ಧದಲ್ಲಿ ಸೋತು ಹಸಿದ ಜಪಾನಿಗೆ ಅಮೆರಿಕದ ಗೋಧಿ ಬಂತು. ಬೀದಿಯ ತಳ್ಳುಗಾಡಿಗಳಲ್ಲಿ ಬಡವನ ಹೊಟ್ಟೆ ತುಂಬಿಸುತ್ತ ರಾಮೆನ್ ಬೆಳೆಯಿತು. ದಕ್ಷಿಣದ ಕ್ಯೂಶೂ ದ್ವೀಪದವರು ಹಂದಿಯ ಮೂಳೆಯನ್ನು ಹಾಲಿನಂತೆ ಬಿಳುಪಾಗುವವರೆಗೆ ಕುದಿಸಿದರು. ಉತ್ತರದ ಸಪ್ಪೊರೊದವರು ೧೯೫೦ರ ದಶಕದಲ್ಲಿ ಅದಕ್ಕೆ ಮಿಸೊ ಬೆರೆಸಿದರು. ೧೯೫೮ರಲ್ಲಿ ಮೊಮೊಫುಕು ಆಂಡೊ ಎಂಬಾತ ಎಳೆಗಳನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ, ಬಿಸಿನೀರು ಹೊಯ್ದರೆ ಸಾಕೆಂಬ ಪೊಟ್ಟಣ ಮಾಡಿದ. ನಮ್ಮ ಮಕ್ಕಳನ್ನು ಸಾಕಿದ ಎರಡು ನಿಮಿಷದ ನೂಡಲ್ಸಿನ ಮೂಲಪುರುಷ ಅದೇ ಪೊಟ್ಟಣ.

ನಾವು ರಾಮೆನ್ನನ್ನು ಅರಿತ ಕ್ರಮ ತಲೆಕೆಳಗಾದದ್ದು. ೧೯೮೩ರಲ್ಲಿ ಮ್ಯಾಗಿ ಭಾರತಕ್ಕೆ ಬಂತು. ಆಂಡೊ ಸ್ಥಾಪಿಸಿದ ನಿಸ್ಸಿನ್ ಕಂಪನಿಯ ಭಾರತದ ಶಾಖೆ ನಮ್ಮ ಬೆಂಗಳೂರನ್ನೇ ನೆಲೆಮಾಡಿಕೊಂಡು ‘ಟಾಪ್ ರಾಮೆನ್’ ಎಂಬ ಪೊಟ್ಟಣವನ್ನು ಅಂಗಡಿ ಅಂಗಡಿಗೂ ಮುಟ್ಟಿಸಿತು. ೧೯೯೭ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಸ್ಥಾಪನೆಯಾಗಿ ಬಿಡದಿಯಲ್ಲಿ ಕಾರುಗಳು ತಯಾರಾಗತೊಡಗಿದ ಮೇಲೆ ಜಪಾನೀಯರು ಇಲ್ಲಿ ಸಂಸಾರ ಹೂಡಿದರು. ಅವರ ನಾಲಿಗೆಗೆ ಒಗ್ಗುವ ಹೋಟೆಲುಗಳು ರೆಸಿಡೆನ್ಸಿ ರಸ್ತೆ ಮುಂತಾದ ಕಡೆ ಕಾಣಿಸಿಕೊಂಡವು. ೨೦೨೨ರಲ್ಲಿ ಕವನ್ ಕುಟ್ಟಪ್ಪ ಎಂಬ ಬಾಣಸಿಗರು ಶಾಂತಿನಗರದಲ್ಲಿ ‘ನಾರು ನೂಡಲ್ ಬಾರ್’ ಎಂಬ ಪುಟ್ಟ ರಾಮೆನ್ ಹೋಟೆಲನ್ನೇ ತೆರೆದರು. ಸುಮಾರು ಇಪ್ಪತ್ತು ಜನ ಕೂರುವಷ್ಟು ಜಾಗ. ಸೋಮವಾರ ರಾತ್ರಿ ಎಂಟು ಗಂಟೆಗೆ ವಾರದ ಆಸನಗಳನ್ನು ಕಾದಿರಿಸಲು ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದುವೆಂಬುದು ಊರೆಲ್ಲ ಬಲ್ಲ ಸಂಗತಿ. ಹೂವಿನ ಜೊತೆ ಸ್ವರ್ಗಕ್ಕೇರುವ ನಾರನ್ನು ಬಲ್ಲ ನಮಗೆ ಈ ನಾರಿಗೆ ಸರದಿ ನಿಲ್ಲುವ ಜನವನ್ನು ಕಂಡು ಸೋಜಿಗವೇ ಆಯಿತು. ಹೀಗೆ ನಕಲನ್ನು ಮೊದಲು ತಿಂದು, ಮೂಲವನ್ನು ಮೂವತ್ತು ನಲವತ್ತು ವರ್ಷಗಳ ಮೇಲೆ ಕಂಡವರು ನಾವು. ಮಕ್ಕಳ ಕಥೆಪುಸ್ತಕದಲ್ಲಿ ಭಾರತವನ್ನು ಓದಿದವನು ನಡುವಯಸ್ಸಿನಲ್ಲಿ ಪಂಪನನ್ನು ಕೈಗೆತ್ತಿಕೊಂಡಂತೆ. ತಿಳಿದದ್ದೇ ಎಂದುಕೊಂಡದ್ದು ತಿಳಿಯದೆ ಹೋಗುವ ಬೆರಗು ಅದರಲ್ಲಿರುತ್ತದೆ.

ನೋಟುಬುಕ್ಕಿನ ಉತ್ತಮಾಂಶ ಈ ಬೆರಗೇ. ಮೊದಲ ಪುಟಗಳಲ್ಲಿ ‘ಸೂಪರ್’, ‘ಪರವಾಗಿಲ್ಲ’ ಎಂಬಷ್ಟೇ ಇದೆ. ಹತ್ತನೆಯ ಬಟ್ಟಲಿನ ಹೊತ್ತಿಗೆ ಅವನಿಗೆ ಕಣ್ಣು ಬಂದಿದೆ. ಉಪ್ಪು ಮುಂದಾಗಿರುವ ಕಡೆ ಸಾರು ತೆಳುವಾಗಿರುತ್ತದೆಂದು, ಬಡಕಲು ಸಾರನ್ನು ಮರೆಮಾಚಲು ಖಾರದೆಣ್ಣೆಯ ಶಾಲು ಹೊದಿಸುತ್ತಾರೆಂದು ಬರೆಯುತ್ತಾನೆ. ನೂರು ತಿನಿಸುಗಳ ಪಟ್ಟಿಯಿರುವ ಹೋಟೆಲಿನ ರಾಮೆನ್ನಿಗಿಂತ ನಾಲ್ಕೇ ತಿನಿಸುಗಳ ಹೋಟೆಲಿನದು ಮೇಲೆಂದು ಕಂಡುಕೊಳ್ಳುತ್ತಾನೆ. ಎಲ್ಲ ಪ್ರಕಾರಗಳಲ್ಲಿಯೂ ಕೈಯಾಡಿಸಿದ ಸಾಹಿತಿಗಳನ್ನು ನೆನೆದು ನಾನು ಈ ವಾಕ್ಯದ ಕೆಳಗೆ ಗೆರೆ ಎಳೆದೆ. ಬಾಣಸಿಗನ ಎದುರಿನ ಕಟ್ಟೆಯಲ್ಲಿ ಒಬ್ಬನೇ ಕುಳಿತು ಉಣ್ಣುವುದರ ಸುಖವನ್ನು ಕುರಿತು ಒಂದು ಇಡೀ ಪುಟವಿದೆ. ಕೈಯನ್ನು ನೋಡುತ್ತ ಉಂಡರೆ ಬಾಯಿ ಹೆಚ್ಚು ಎಚ್ಚರವಾಗಿರುತ್ತದೆಂಬುದು ಅವನ ಅನುಭವ.

ಇನ್ನೊಂದು ಪುಟ ‘ಉಮಾಮಿ’ಯದು. ೧೯೦೮ರಲ್ಲಿ ಕಿಕುನಾಯೆ ಇಕೆದಾ ಎಂಬ ಟೋಕಿಯೋದ ರಸಾಯನಶಾಸ್ತ್ರಜ್ಞ ಕೊಂಬು ಎಂಬ ಕಡಲಸೊಪ್ಪಿನ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ, ಸಿಹಿ ಹುಳಿ ಉಪ್ಪು ಕಹಿಗಳಿಗೆ ಸೇರದ ಐದನೆಯ ರುಚಿ ಇದೆಂದು ಹೆಸರಿಟ್ಟ. ೧೯೧೩ರಲ್ಲಿ ಅವನ ಶಿಷ್ಯ ಕೊದಾಮಾ ಒಣಮೀನಿನಲ್ಲಿ ಅಂಥದೇ ಇನ್ನೊಂದು ಸತ್ತ್ವವನ್ನು ಕಂಡ. ಎರಡೂ ಕೂಡಿದರೆ ರುಚಿ ಒಂದಕ್ಕೊಂದು ಕೂಡುವುದಿಲ್ಲ, ಗುಣಿಸುತ್ತದೆ. ರಾಮೆನ್ನಿನ ಸಾರು ನಿಂತಿರುವುದು ಈ ಗುಣಾಕಾರದ ಮೇಲೆ. ನಮ್ಮ ಷಡ್ರಸದಲ್ಲಿ ಖಾರಕ್ಕೂ ಒಗರಿಗೂ ಸ್ಥಾನವುಂಟು, ಇದಕ್ಕಿಲ್ಲ. ಆದರೆ ಹೆಸರಿಲ್ಲದ ಮಾತ್ರಕ್ಕೆ ಅರಿವಿಲ್ಲವೆನ್ನಬಹುದೆ? “ಸಾರಿನಲ್ಲಿ ಕಸುವಿಲ್ಲ” ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದಾಗ ಅವರು ಉಪ್ಪನ್ನಾಗಲಿ ಹುಳಿಯನ್ನಾಗಲಿ ಕುರಿತು ಹೇಳುತ್ತಿರಲಿಲ್ಲ. ನನ್ನ ಶಿಷ್ಯ ಜಪಾನೀ ಮಾತನ್ನು ಇಪ್ಪತ್ತು ಸಲ ಬಳಸಿದ್ದಾನೆ. ‘ಕಸುವು’ ಎಂಬ ಮಾತು ಅವನಿಗೆ ಹೊಳೆದಿಲ್ಲ. ಅದು ಅವನೊಬ್ಬನ ತಪ್ಪಲ್ಲ. ಕನ್ನಡ ಕಲಿಸಿದವನು ನಾನು.

ಬರಿದೆ ಓದಿ ತೀರ್ಪು ಕೊಡುವುದು ನ್ಯಾಯವಲ್ಲವೆಂದು ಒಂದು ಸಂಜೆ ಅವನೊಡನೆ ಇಂದಿರಾನಗರದ ಹೋಟೆಲೊಂದಕ್ಕೆ ಹೋದೆ. ನಾನು ಸಸ್ಯಾಹಾರಿ. ನನಗಾಗಿ ಅಣಬೆಯ, ಕಡಲಸೊಪ್ಪಿನ ಸಾರಿನ ಬಟ್ಟಲು ಬಂತು, ಅವನಿಗೆ ಹಂದಿಮೂಳೆಯದು. ಬೆಲೆಯ ಪಟ್ಟಿಯನ್ನು ನೋಡಿ ಎದೆ ಝಲ್ಲೆಂದಿತು. ಆ ಒಂದು ಬಟ್ಟಲ ಹಣದಲ್ಲಿ ನಮ್ಮ ಬೀದಿಯ ದರ್ಶಿನಿಯಲ್ಲಿ ಮನೆಮಂದಿಯೆಲ್ಲ ತಿಂಡಿ ತಿಂದು ಕಾಫಿ ಕುಡಿದು ಬರಬಹುದು. ಜಪಾನಿನಲ್ಲಿ ಕೂಲಿಯವನ ಊಟವಾಗಿ ಬೆಳೆದದ್ದು ಕಡಲು ದಾಟುವಷ್ಟರಲ್ಲಿ ಸಿರಿವಂತನ ವಿನೋದವಾಗಿದೆಯಲ್ಲ ಎಂಬ ವಿಚಾರ ಬಂತು. ವಿಚಾರ ಬಂದ ಮೇಲೆ ಮೇಷ್ಟರ ಬಾಯಿ ಸುಮ್ಮನಿರುತ್ತದೆಯೆ? ದರ್ಶಿನಿಯ ಸಮತೆಯಿಂದ ಹೊರಟು ಭರತನ ರಸಸೂತ್ರಕ್ಕೆ ಹೋಗಿ, ಅಲ್ಲಿಂದ ಅಭಿನವಗುಪ್ತನಿಗೆ ಏರಿ, ಸಹೃದಯನೆಂದರೆ ಯಾರು ಎಂಬುದನ್ನು ವಿವರಿಸತೊಡಗಿದೆ.

ಶಿಷ್ಯ ಎರಡು ಸಲ ನನ್ನ ಬಟ್ಟಲನ್ನು ನೋಡಿದ. ಮೂರನೆಯ ಸಲ ತಡೆಯಲಾರದೆ, “ಸರ್, ಮೊದ್ಲು ತಿನ್ನಿ ಸರ್. ಎಳೆ ಊದ್ಕೊಳ್ತಿದೆ” ಎಂದ.

ನೋಡುತ್ತೇನೆ, ಬಿಗಿಯಾಗಿ ಪುಟಿಯುತ್ತಿದ್ದ ಎಳೆಗಳು ಸಾರನ್ನೆಲ್ಲ ಹೀರಿ ಮೆತ್ತಗಾಗಿವೆ; ಎಣ್ಣೆ ತೇಲಿ ನಿಂತಿದೆ; ಹಬೆ ಆರಿದೆ. ರಾಮೆನ್ನಿನ ಬಟ್ಟಲಿಗೆ ಆಯುಸ್ಸು ಕೆಲವೇ ನಿಮಿಷ, ಬಿಸಿಯಿರುವಾಗಲೇ ಸೊರ್ರನೆ ಎಳೆದುಕೊಂಡು ಮುಗಿಸಬೇಕು, ಸದ್ದು ಮಾಡುವುದು ಅಲ್ಲಿ ಅಸಭ್ಯವಲ್ಲ ಎಂದು ಅವನ ನೋಟುಬುಕ್ಕಿನ ಆರನೆಯ ಪುಟದಲ್ಲಿಯೇ ಬರೆದಿತ್ತು. ಅದನ್ನು ಓದಿ ಮೆಚ್ಚಿದವನೇ ನಾನು. ಹೋಟೆಲಿನವರು ಮಾಡಬೇಕಾದುದನ್ನು ಮಾಡಿ ಮುಗಿಸಿದ್ದರು. ಕೆಡಿಸಿದ್ದು ವ್ಯಾಖ್ಯಾನ.

ಆಗ ಹದಿನೈದು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ಕುಮಾರವ್ಯಾಸನ ಒಂದು ಭಾಗವನ್ನು ಪಾಠಮಾಡುವುದಿತ್ತು. ಕವಿಯ ಕಾಲ, ದೇಶ, ಛಂದಸ್ಸು, ರೂಪಕಗಳ ಸ್ವರೂಪ ಎಂದು ನಲವತ್ತು ನಿಮಿಷ ಪೀಠಿಕೆ ಹಾಕಿದೆ. ಕಡೆಯ ಬೆಂಚಿನಿಂದ ಈ ಹುಡುಗ ಎದ್ದು ನಿಂತು, “ಸರ್, ಪದ್ಯ ಯಾವಾಗ ಓದ್ತೀರಿ?” ಎಂದ. ತರಗತಿ ನಕ್ಕಿತು. ಉದ್ಧಟತನವೆಂದು ಗದರಿ ಅವನನ್ನು ಹೊರಗೆ ಕಳುಹಿಸಿದೆ. ಗಂಟೆ ಬಾರಿಸಿತು, ಪದ್ಯವನ್ನು ಅಂದು ಓದಲೇ ಇಲ್ಲ. ಅವನಿಗೆ ಅದು ನೆನಪಿದೆಯೋ ಇಲ್ಲವೋ ನಾನು ಕೇಳಲಿಲ್ಲ. ಊದಿದ ಎಳೆಗಳನ್ನು ತಲೆತಗ್ಗಿಸಿ ತಿಂದೆ. ಜಪಾನಿನ ಜೂಜೊ ಇತಾಮಿಯವರ ‘ಟಂಪೊಪೊ’ ಎಂಬ ೧೯೮೫ರ ಚಲನಚಿತ್ರದಲ್ಲಿ ಮುದುಕನೊಬ್ಬ ಯುವಕನಿಗೆ ರಾಮೆನ್ ಉಣ್ಣುವ ವಿಧಿಯನ್ನು ಕಲಿಸುವ ನಗೆಯ ದೃಶ್ಯವಿದೆ: ಮೊದಲು ಬಟ್ಟಲನ್ನು ಭಕ್ತಿಯಿಂದ ನೋಡಬೇಕಂತೆ. ಆ ಮುದುಕನೂ ನನ್ನಷ್ಟು ಹೊತ್ತು ತೆಗೆದುಕೊಳ್ಳಲಿಲ್ಲ.

ಹೀಗೆ ಗುರುವಿನ ಗರ್ವ ಇಳಿದ ಮೇಲೆ ನೋಟುಬುಕ್ಕಿನ ದೋಷಗಳನ್ನು ಹೇಳುವ ಅಧಿಕಾರ ನನಗೆ ಇದೆಯೆ ಎಂದು ಕೇಳಬಹುದು. ಇದೆಯೆಂದೇ ಭಾವಿಸುತ್ತೇನೆ. ಹೇಳದೆ ಬಿಟ್ಟರೆ ಅವನ ಶ್ರಮಕ್ಕೆ ಅಪಚಾರ.

ಮೊದಲನೆಯದು, ಅಂಕ ಕೊಡುವ ಚಟ. ಪ್ರತಿ ಪುಟದ ತುದಿಯಲ್ಲಿಯೂ ಹತ್ತಕ್ಕೆ ಇಷ್ಟೆಂದು ಬರೆದಿದ್ದಾನೆ. ಹದಿನೇಳನೆಯ ಬಟ್ಟಲಿಗೆ ಏಳೂವರೆ, ಇಪ್ಪತ್ತಮೂರಕ್ಕೆ ಏಳೂಕಾಲು. ಈ ಕಾಲಂಶದ ವ್ಯತ್ಯಾಸ ಬಟ್ಟಲಿನಲ್ಲಿತ್ತೋ, ಆ ದಿನದ ಹಸಿವೆಯಲ್ಲಿತ್ತೋ, ಹೊರಗೆ ಮಳೆ ಬರುತ್ತಿತ್ತೋ? ಉತ್ತರಪತ್ರಿಕೆ ತಿದ್ದಿ ತಿದ್ದಿ ಕೈಸೋತ ನನಗೆ ಅಂಕಗಳ ಬಡತನ ಗೊತ್ತು. ವರ್ಣನೆ ಎಲ್ಲಿ ಆಯಾಸಗೊಳ್ಳುತ್ತದೋ ಅಲ್ಲಿ ಅಂಕ ಹುಟ್ಟುತ್ತದೆ.

ಎರಡನೆಯದು, ‘ಅಸಲಿ’ ಎಂಬ ಮಾತಿನ ಮೋಹ. ಟೋಕಿಯೋದಲ್ಲಿ ತಾನು ಉಂಡ ಒಂದು ಬಟ್ಟಲನ್ನೇ ಅಳತೆಗೋಲಾಗಿ ಹಿಡಿದು, ಇಲ್ಲಿನ ನಲವತ್ತೊಂದನ್ನೂ ಅದರಿಂದ ಅಳೆದಿದ್ದಾನೆ. ಚೀನೀಯರ ಎಳೆ, ಅಮೆರಿಕದ ಗೋಧಿ, ಜಪಾನೀಯರ ಕೈ, ಇವು ಮೂರೂ ಕೂಡಿ ಆದ ತಿನಿಸಿನಲ್ಲಿ ಅಸಲಿ ಯಾವುದು? ನಮ್ಮ ಮನೆಯ ಸಾರಿನ ಕೆಂಪೆಲ್ಲ ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿಯದು. ಟೊಮೇಟೊ ಕೂಡ ಅಮೆರಿಕದ ಕೂಸು. ಯುದ್ಧಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಮಾವಳ್ಳಿ ಟಿಫಿನ್ ರೂಮಿನವರು ರವೆ ಇಡ್ಲಿಯನ್ನು ಕಂಡುಕೊಂಡರೆಂಬ ಕಥೆಯನ್ನು ಬೆಂಗಳೂರಿಗರು ಹೆಮ್ಮೆಯಿಂದ ಹೇಳುತ್ತೇವೆ. ಅಡಿಗೆ ಬೆಳೆಯುವುದೇ ಹೀಗೆ, ಅಭಾವದಿಂದ ಮತ್ತು ಅತಿಥಿಗಳಿಂದ. ಬೆಂಗಳೂರಿನ ಬಾಣಸಿಗ ರಾಮೆನ್ನಿಗೆ ಇಲ್ಲಿನ ಖಾರವನ್ನು ಸೇರಿಸಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಸೇರಿದ್ದು ಹೊಂದಿತೆ? ಔಚಿತ್ಯವೆಂದು ನಮ್ಮ ಹಿರಿಯರು ಕರೆದದ್ದು ಇದನ್ನೇ.

ಮೂರನೆಯ ದೋಷ ನೋಟುಬುಕ್ಕಿನಲ್ಲಿ ಇರುವುದರದಲ್ಲ, ಇಲ್ಲದಿರುವುದರದು. ಅದು ನನಗೆ ತಿಳಿದದ್ದು ಅವನ ಮನೆಗೆ ಹೋದಾಗ.

ರಾಮೆನ್ನಿನ ದೆಸೆಯಿಂದ ಅವನಿಗೆ ಊರಿನ ಕಡೆಗೂ ಸ್ವಲ್ಪ ಕಣ್ಣು ತಿರುಗಿದೆಯೆಂಬುದನ್ನು ಮೊದಲು ಒಪ್ಪಬೇಕು. ಮೂವತ್ತನೆಯ ಪುಟದ ಅಂಚಿನಲ್ಲಿ, ಶಿವಾಜಿನಗರದಲ್ಲಿ ನಸುಕಿಗೇ ಸಿಗುವ ಕಾಲುಸೂಪಿಗೂ ಹಂದಿಮೂಳೆಯ ರಾಮೆನ್ ಸಾರಿಗೂ ನಂಟಸ್ತಿಕೆ ಇದೆಯೆಂದು ಬರೆದಿದ್ದಾನೆ. ಎರಡೂ ಇಡೀ ರಾತ್ರಿ ಕುದಿದವು. ಎರಡೂ ತುಟಿಗೆ ಅಂಟುವಂಥವು. ಚಿಕ್ಕಂದಿನಿಂದ ಆ ಬೀದಿಯಲ್ಲಿ ಓಡಾಡಿದವನು ಟೋಕಿಯೋಗೆ ಹೋಗಿಬಂದ ಮೇಲೆ ಅದರ ರುಚಿಯನ್ನು ಕಂಡ. ಇದರ ಗುಣಾವಗುಣವನ್ನು ಅವನ ನಾಲಿಗೆಗೇ ಬಿಟ್ಟಿದ್ದೇನೆ. ಉಣ್ಣದ ಊಟದ ಮೇಲೆ ತೀರ್ಪು ಕೊಡುವ ತಪ್ಪನ್ನು ಮತ್ತೆ ಮಾಡಲಾರೆ.

ಜೋಗುಪಾಳ್ಯದ ಆ ಗಲ್ಲಿಯ ಮನೆಗೆ ನಾನು ಹೋದದ್ದು ಒಂದು ಭಾನುವಾರ ಮಧ್ಯಾಹ್ನ, ನೋಟುಬುಕ್ಕನ್ನು ಹಿಂದಕ್ಕೆ ಕೊಡಲು. ಅವನ ತಾಯಿ ಬಾಗಿಲಲ್ಲೇ, “ಬನ್ನಿ ಮೇಷ್ಟ್ರೆ, ಊಟ ಮಾಡ್ಕೊಂಡೇ ಹೋಗ್ಬೇಕು. ಇವತ್ತು ಬರೀ ಸೊಪ್ಪಿಂದೇ, ನೀವು ತಿನ್ನಬೌದು” ಎಂದರು. ಬಸ್ಸಾರು, ಪಲ್ಯ, ರಾಗಿಮುದ್ದೆ. ಅಡಿಗೆ ಇನ್ನೂ ಒಲೆಯ ಮೇಲಿತ್ತು. ದಂಟಿನ ಸೊಪ್ಪನ್ನೂ ತೊಗರಿಬೇಳೆಯನ್ನೂ ಕೂಡಿ ಬೇಯಿಸಿ, ನೀರನ್ನು ಬಸಿದು ಬೇರೆ ಇಟ್ಟಿದ್ದರು. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಮೆಣಸು, ತೆಂಗಿನಕಾಯಿ, ಹುಣಿಸೆಹಣ್ಣು, ಅದಕ್ಕೆ ಒಂದು ಹಿಡಿ ಬೆಂದ ಬೇಳೆ, ಇಷ್ಟನ್ನು ರುಬ್ಬಿ ಆ ಬಸಿದ ಕಟ್ಟಿಗೆ ಕೂಡಿಸಿ ಕುದಿಸಿದರು. ಉಳಿದ ಸೊಪ್ಪುಬೇಳೆಗೆ ಒಗ್ಗರಣೆ ಬಿದ್ದು ಪಲ್ಯವಾಯಿತು. ಒಂದೇ ಪಾತ್ರೆ ಎರಡಾಗಿ ಒಡೆದು, ಮತ್ತೆ ಎಲೆಯ ಮೇಲೆ ಒಂದಾಗುವ ಅಡಿಗೆ.

ನಿಂತು ನೋಡುತ್ತಿದ್ದ ನನಗೆ ನೋಟುಬುಕ್ಕಿನ ಮಾತುಗಳೇ ಹೊಳೆದವು. ಬಸಿದ ಕಟ್ಟು ಸಾರಿನ ಮೂಲ, ರುಬ್ಬಿದ್ದು ತಾರೆ, ಕಡೆಯ ಒಗ್ಗರಣೆ ಪರಿಮಳದ ಎಣ್ಣೆ. ಇಂಥ ರಚನೆಯನ್ನು ಅರಸಿಕೊಂಡು ಇವನು ಊರೆಲ್ಲ ಸುತ್ತಿದನಲ್ಲ! ಈ ಬಾರಿ ನಾನು ಬಾಯಿ ಮುಚ್ಚಿಕೊಂಡು, ಬಿಸಿಯಾಗಿರುವಾಗಲೇ ಉಂಡೆ. ಸೊರ್ರೆಂದು ಸದ್ದು ಮಾಡಿಯೇ ಉಂಡೆ. ಸೊಪ್ಪಿನ ಹಸಿರುಗಂಪು ಮೊದಲು ಬಂದು, ಬೆಳ್ಳುಳ್ಳಿಯ ಘಾಟು ಅದರ ಬೆನ್ನಿಗೆ ಬಂದು, ಹುಳಿ ಕೊನೆಗೆ ಬಂದು ಎಲ್ಲವನ್ನೂ ಕೂಡಿಸಿ ಕಟ್ಟು ಹಾಕಿತು.

ಕೈತೊಳೆದ ಮೇಲೆ ಆಕೆ ಮೆಲ್ಲಗೆ ಕೇಳಿದರು: “ಹನ್ನೆರಡು ಗಂಟೆ ಮೂಳೆ ಬೇಯಿಸಿದ್ದನ್ನ ಪುಸ್ತಕದಲ್ಲಿ ಬರೀತಾನಂತೆ. ನನ್ನ ಬಸ್ಸಾರು ಒಂದು ಪುಟವಾದ್ರೂ ಇದೆಯಾ ಮೇಷ್ಟ್ರೆ, ಅದರೊಳಗೆ?”

ಇರಲಿಲ್ಲ. ನಾನು ಶಿಷ್ಯನ ಮುಖ ನೋಡಿದೆ. “ಅಮ್ಮನ ಅಡಿಗೆಗೆಲ್ಲ ನಂಬರ್ ಕೊಡೋಕಾಗುತ್ತಾ ಸರ್?” ಎಂದ.

ಮಾತು ಚೆನ್ನಾಗಿದೆ, ಕೇಳಿದವರ ಕಣ್ಣು ತೇವವಾಗುವಂಥದು. ಆದರೆ ನನಗೆ ಸಮಾಧಾನವಾಗಲಿಲ್ಲ. ವಿಮರ್ಶೆಗೆ ಮೀರಿದ್ದೆಂದು ಎತ್ತಿ ಅಟ್ಟದ ಮೇಲಿಡುವುದು ಗೌರವವೋ, ನೋಡದೆ ಇರುವ ಉಪಾಯವೋ? ನಮ್ಮ ಪ್ರಾಚೀನ ಕವಿಗಳನ್ನು ನಾವು ಹೀಗೆಯೇ ಮಾಡಿದ್ದೇವೆ. ಮಹಾಕವಿಯೆಂದು ಹಾರ ಹಾಕಿ ಕೈಮುಗಿದು ಬರುತ್ತೇವೆ. ಪುಸ್ತಕ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಹೊರಗಿನದಕ್ಕೆ ಅಂಕ, ಒಳಗಿನದಕ್ಕೆ ಆರತಿ. ಇವೆರಡರ ನಡುವೆ ಇರಬೇಕಾದ ಒಂದು ಎಚ್ಚರದ ನೋಟ ಎರಡು ಕಡೆಯೂ ತಪ್ಪಿಹೋಗಿದೆ.

ಹಿಂದಿನವರು ಹೀಗಿರಲಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡಿಗೆಗೆ ಸ್ಥಳವುಂಟು. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ ಜೈನಕಾವ್ಯಗಳನ್ನು ಬರೆದ ಕೈಯಿಂದಲೇ ‘ಸೂಪಶಾಸ್ತ್ರ’ವನ್ನೂ ಷಟ್ಪದಿಯಲ್ಲಿ ಬರೆದ. ಹೋಳಿಗೆಯ ಕಣಕದ ಹದವನ್ನು ಹೇಳುವುದರಿಂದ ಕವಿತ್ವಕ್ಕೆ ಕುಂದು ಬರುವುದೆಂದು ಅವನಿಗೆ ತೋರಲಿಲ್ಲ. ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ರಾಗಿ ಮತ್ತು ಬತ್ತಗಳ ಜಗಳವನ್ನು ಕಾವ್ಯವನ್ನಾಗಿಯೇ ಮಾಡಿದರು. ಅಲ್ಲಿ ಶ್ರೀರಾಮ ಯಾವುದು ಮೇಲೆಂದು ಒಡನೆ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸುತ್ತಾನೆ. ಬಡವರ ಧಾನ್ಯವನ್ನೂ ಪರೀಕ್ಷೆಗೆ ಒಡ್ಡಿದ್ದರಿಂದಲೇ ಅದರ ಸತ್ತ್ವ ಸಭೆಗೆ ತಿಳಿಯಿತು. ಪರೀಕ್ಷೆಯಿಲ್ಲದೆ ಪಾಪ, ಒಳ್ಳೆಯದೆಂದು ಬೆನ್ನು ತಟ್ಟಿ ಕಳುಹಿಸಿದ್ದರೆ ರಾಗಿ ಇದ್ದಲ್ಲಿಯೇ ಇರುತ್ತಿತ್ತು.

ಇದರಲ್ಲಿ ಅವಸರದ ಮಾತೂ ಒಂದಿದೆ. ಆ ತಾಯಿ ಅಳತೆ ಬರೆದಿಟ್ಟವರಲ್ಲ. ಕಟ್ಟಿನ ಬಣ್ಣ ನೋಡಿ ಖಾರ ಹಾಕುತ್ತಾರೆ; ಹಬೆಯ ವಾಸನೆ ನೋಡಿ ಒಲೆ ಆರಿಸುತ್ತಾರೆ. ರುಬ್ಬುವಾಗ ಕೈ ನಡುಗುವುದನ್ನು ನಾನು ಕಂಡೆ. ಜಪಾನಿನಲ್ಲಿ ರಾಮೆನ್ನಿಗಾಗಿಯೇ ಯೊಕೊಹಾಮಾದಲ್ಲಿ ೧೯೯೪ರಿಂದ ಒಂದು ವಸ್ತುಸಂಗ್ರಹಾಲಯ ಇದೆ. ಜೋಗುಪಾಳ್ಯದ ಬಸ್ಸಾರಿಗೆ ಇರುವ ಸಂಗ್ರಹಾಲಯ ಆ ಒಂದು ಕೈ. ಅದನ್ನು ಓದಬಲ್ಲ ನಾಲಿಗೆ ಆ ಮನೆಯಲ್ಲೇ ಸಿದ್ಧವಾಗಿದೆ, ನಲವತ್ತೊಂದು ಬಟ್ಟಲುಗಳ ಅಭ್ಯಾಸ ಮಾಡಿ ಬಂದಿದೆ. ಇನ್ನು ಬರೆಯದಿದ್ದರೆ ಬರೆಯುವವರು ಯಾರು? ನಾನು ಅವನಿಗೆ ಇಷ್ಟನ್ನೇ ಹೇಳಿ, ನೋಟುಬುಕ್ಕನ್ನು ಅವನ ಕೈಯಲ್ಲಿಟ್ಟು ಬಂದೆ.

ಒಟ್ಟಿನಲ್ಲಿ ಹೇಳುವುದಾದರೆ, ಇದು ಓದಬೇಕಾದ ನೋಟುಬುಕ್ಕು. ರಾಮೆನ್ನನ್ನು ಬೆನ್ನಟ್ಟಿ ಹೋದ ಯುವಕರನ್ನು ಪರದೇಶದ ಮರುಳರೆಂದು ಹೀಗಳೆಯುವ 'ಹಿರಿಯರು' ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ನನ್ನ ಉತ್ತರ ಇಷ್ಟು: ನಾಲಿಗೆ ಎಲ್ಲಿಯಾದರೂ ಎಚ್ಚರಗೊಳ್ಳಲಿ, ಎಚ್ಚರಗೊಳ್ಳುವುದು ಮುಖ್ಯ. ಪರದೇಶದ ಬಟ್ಟಲಿನಲ್ಲಿ ಎಚ್ಚರಗೊಂಡ ನಾಲಿಗೆ ಮನೆಯ ಎಲೆಯ ಮುಂದೆ ಮತ್ತೆ ನಿದ್ದೆಹೋದರೆ ಮಾತ್ರ ಪ್ರಯಾಣ ವ್ಯರ್ಥ.

ಈ ಲೇಖನವನ್ನು ಮುಗಿಸುವ ಹೊತ್ತಿಗೆ, ಮೊನ್ನೆ, ಹಲಸೂರಿನ ಪೇಟೆಬೀದಿಯಲ್ಲಿ ಸೊಪ್ಪು ಕೊಳ್ಳುತ್ತಿದ್ದ ಆ ತಾಯಿ ಸಿಕ್ಕಿದರು. ನನ್ನನ್ನು ಕಂಡದ್ದೇ ಚೀಲವನ್ನು ಕೆಳಗಿಟ್ಟು ನಗುತ್ತ, “ಬರ್ದ ಮೇಷ್ಟ್ರೆ” ಎಂದರು. “ಕಟ್ಟು ಹೆಂಗೆ ಬಸಿಯೋದು, ಯಾವಾಗ ಬೆಳ್ಳುಳ್ಳಿ ಹಾಕೋದು, ಎಲ್ಲಾ ಪಕ್ಕದಲ್ಲಿ ನಿಂತ್ಕೊಂಡು ಕೇಳ್ಕೊಂಡು ಬರ್ದ. ನಂಬರ್ ಹಾಕಿಲ್ಲ. ಹುಳಿ ಒಂದು ಚೂರು ಮುಂದಾಗಿತ್ತು ಅಂತ ಬರ್ದಿದಾನೆ.”

ಮನಸ್ಸಿಗೆ ನೊಂದರೇನೋ ಎಂದು ನಾನು ಏನಾದರೂ ಸಮಾಧಾನ ಹೇಳಹೊರಟೆ. ಆಕೆ ಬಿಡಲಿಲ್ಲ.

“ನಿಜಾನೇ ಮೇಷ್ಟ್ರೆ, ಅವತ್ತು ಮುಂದಾಗಿತ್ತು. ಮೂವತ್ತು ವರ್ಷದಿಂದ ಚೆನ್ನಾಗಿದೆ ಅಮ್ಮ, ಚೆನ್ನಾಗಿದೆ ಅಮ್ಮ ಅಂತ ತಿಂದು ಏಳ್ತಿದ್ದ. ಈಗ ನೋಡಿ, ರುಚಿ ನೋಡಿದಾನೆ.”